ಹಗೇವಿನಿಂದ ಅಟ್ಟಕ್ಕೆ: ನಮ್ಮ ಮನೆಯ ರಾಗಿಯ ಚರಿತ್ರೆ

ನನ್ನ ರಕ್ತದಲ್ಲಿ ಸಕ್ಕರೆಯ ಅಂಶ ಮಿತಿಮೀರಿದೆಯೆಂದು ವೈದ್ಯರು ಹೇಳಿದ್ದು 2011ರಲ್ಲಿ. ಅದಾದ ಮೂರೇ ತಿಂಗಳಿಗೆ ನನ್ನ ಮನೆಯಾಕೆಗೂ ಅದೇ ಮಾತು. ವರ್ಷ ಕಳೆಯುವುದರೊಳಗೆ, ಇನ್ನೂ ನಲವತ್ತನ್ನು ಮುಟ್ಟದ ಮಗನ ಪರೀಕ್ಷೆಯ ಚೀಟಿಯಲ್ಲಿಯೂ ಗಡಿಯಂಚಿನ ಅಂಕಿಗಳು ಕಾಣಿಸಿಕೊಂಡವು. ಮೂರೂ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ವೈದ್ಯರು, "ಮೇಷ್ಟ್ರೇ, ನಿಮ್ಮ ತಂದೆತಾಯಿಗೆ ಇದು ಇತ್ತೇ?" ಎಂದು ಕೇಳಿದರು. ಇರಲಿಲ್ಲ ಎಂದೆ. (ಅವರಿಗೆ ಪರೀಕ್ಷೆ ಮಾಡಿಸಿದವರು ಯಾರು ಎಂಬುದು ಬೇರೆ ಮಾತು.) "ಅವರು ಏನು ಉಣ್ಣುತ್ತಿದ್ದರು?" ಎಂಬುದು ಎರಡನೆಯ ಪ್ರಶ್ನೆ. ಮೂವತ್ತೈದು ವರ್ಷ ಮಕ್ಕಳಿಗೆ ರಾಜರ, ಯುದ್ಧಗಳ ಚರಿತ್ರೆಯನ್ನು ಬೋಧಿಸಿದ ನಾನು ನಮ್ಮ ಮನೆಯ ಊಟದ ತಟ್ಟೆಗೂ ಒಂದು ಚರಿತ್ರೆಯಿದೆಯೆಂದು ಯೋಚಿಸಿರಲೇ ಇಲ್ಲ.

ನಮ್ಮದು ನಾಗಮಂಗಲ ತಾಲ್ಲೂಕಿನ ಒಂದು ಒಣ ಊರು. ಮಳೆ ನಂಬಿದ ಹೊಲ. ಕೂರಿಗೆಯಲ್ಲಿ ರಾಗಿ ಬಿತ್ತಿ, ಅಕ್ಕಡಿ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳು, ಜೋಳ ಹಾಕುತ್ತಿದ್ದರು. ಒಂದು ಮಳೆ ಕೈಕೊಟ್ಟರೂ ರಾಗಿ ತಾಳಿಕೊಳ್ಳುತ್ತಿತ್ತು. ಈ ಧಾನ್ಯದ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಸಾವಿರಾರು ವರ್ಷಗಳ ಹಿಂದೆಯೇ ನಮ್ಮಲ್ಲಿಗೆ ಬಂದು ನಮ್ಮದೇ ಆಗಿಹೋಗಿದೆ. ಹದಿನಾರನೆಯ ಶತಮಾನದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳವನ್ನೇ ಹಚ್ಚಿದರಷ್ಟೆ. ತಾನು ಹೆಚ್ಚು, ತಾನು ಹೆಚ್ಚು ಎಂದು ಎರಡೂ ಹೋರಾಡಿದಾಗ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಅಕ್ಕಿ ಕಂದಿರುತ್ತದೆ, ರಾಗಿ ಕಳೆಗುಂದದೆ ನಿಂತಿರುತ್ತದೆ. ರಾಘವನ ಹೆಸರು ಅದಕ್ಕೆ ಸಂದಿತೆಂಬುದು ಕವಿಯ ಚಮತ್ಕಾರ. ಆದರೆ ಸೆರೆಯ ಪ್ರಸಂಗ ಬರಿಯ ಕಲ್ಪನೆಯಲ್ಲ. ನಮ್ಮ ಹಿರಿಯರು ನೆಲದಲ್ಲಿ ಹಗೇವು ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ಹುಳು ಹಿಡಿಯುತ್ತಿರಲಿಲ್ಲ. ಅಕ್ಕಿಗೆ ಆ ಸಾಮರ್ಥ್ಯವಿಲ್ಲ. ಹೊಟ್ಟೆಯ ಅನುಭವವನ್ನೇ ಕನಕದಾಸರು ಕಾವ್ಯ ಮಾಡಿದರು, ಜೊತೆಗೆ ಮೇಲುಕೀಳಿನ ಲೆಕ್ಕಾಚಾರಕ್ಕೂ ಒಂದು ಪೆಟ್ಟು ಕೊಟ್ಟರು.

ಈ ಹಗೇವುಗಳಿಗೂ ಒಂದು ಮಿತಿಯಿತ್ತು. 1876ರಿಂದ 1878ರವರೆಗಿನ ಬರಗಾಲದಲ್ಲಿ ಮಳೆ ಸತತವಾಗಿ ಕೈಕೊಟ್ಟು, ಕೂಡಿಟ್ಟದ್ದೆಲ್ಲ ಬರಿದಾಯಿತು. 1871ರ ಗಣತಿಯಲ್ಲಿ ಸುಮಾರು ಐವತ್ತು ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಹಳೆಯ ಊಟವೆಲ್ಲ ಅಮೃತ, ಹಳೆಯ ಕಾಲವೆಲ್ಲ ಸುಭಿಕ್ಷ ಎಂದು ನಿಟ್ಟುಸಿರು ಬಿಡುವ ನನ್ನ ವಯಸ್ಸಿನವರು ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಬೇಕು.

ನಮ್ಮ ಜಿಲ್ಲೆಯ ಬದುಕನ್ನು ಬುಡಮೇಲು ಮಾಡಿದ್ದು ಕನ್ನಂಬಾಡಿ ಕಟ್ಟೆ. 1911ರಲ್ಲಿ ಕೆಲಸ ಆರಂಭವಾಗಿ, 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು (ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂತು) ಮಂಡ್ಯದ ಹೊಲಗಳಿಗೆ ಹರಿಯಿತು. ರಾಗಿಯ ಹೊಲಗಳು ಭತ್ತದ ಗದ್ದೆಗಳಾದವು, ಕಬ್ಬಿನ ತೋಟಗಳಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯೇ ಅಲ್ಲಿ ಹುಟ್ಟಿಕೊಂಡಿತು. ಹಸಿವು ಹಿಂಗಿತು, ಮನೆಗಳಿಗೆ ಹೆಂಚು ಬಂತು, ಮಕ್ಕಳು ಓದಿದರು. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅಲ್ಲಿಂದ ಮುಂದೆ ಅನ್ನವೆಂಬುದು ಊಟ ಮಾತ್ರವಾಗಿ ಉಳಿಯದೆ ಅಂತಸ್ತಾಯಿತು. ನಾಲೆ ಹರಿಯುವ ಸೀಮೆಯವರು ನಮ್ಮ ಒಣ ಊರುಗಳಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. "ಮೂರು ಹೊತ್ತೂ ಹಿಟ್ಟು ತೊಳಸೋಕೆ ಮಗಳನ್ನ ಕಳಿಸಬೇಕಾ?" ಎಂದು ನನ್ನ ಚಿಕ್ಕಪ್ಪನ ಸಂಬಂಧವೊಂದು ಮುರಿದುಬಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಮನೆಯಲ್ಲಿ ಆಗ ಅನ್ನ ಕಾಣುತ್ತಿದ್ದುದು ಹಬ್ಬಕ್ಕೆ, ಜ್ವರಕ್ಕೆ ಮತ್ತು ನೆಂಟರಿಗೆ. ಉಳಿದಂತೆ ಬೆಳಗ್ಗೆ ಅಂಬಲಿ ಇಲ್ಲವೇ ತಂಗಳ ಮುದ್ದೆ ಮಜ್ಜಿಗೆ. ಮಧ್ಯಾಹ್ನ, ರಾತ್ರಿ ಮುದ್ದೆ, ಸೊಪ್ಪುಸಾರು, ಬಸ್ಸಾರು, ಕಾಲಕ್ಕೆ ತಕ್ಕಂತೆ ಅವರೆಕಾಳು. ಅವ್ವ ಕೋಳಿ ಕೂಗುವ ಮುನ್ನ ಎದ್ದು ರಾಗಿಕಲ್ಲಿನ ಮುಂದೆ ಕೂರುತ್ತಿದ್ದಳು. ಎದುರಿಗೆ ಅತ್ತೆ. ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಮನೆಮಂದಿಗೆ ಸಾಲುವಷ್ಟು ಹಿಟ್ಟಾಗಲು ಬೆಳಕು ಹರಿಯುತ್ತಿತ್ತು. ಬೀಸುವ ಪದಗಳು ಕೇಳುವ ನಮಗೆ ಇಂಪು. ಬೀಸುವವರ ರಟ್ಟೆಗೆ ಏನಾಗಿತ್ತೋ ಯಾರೂ ಕೇಳಲಿಲ್ಲ. ಆಮೇಲೆ ಬಾವಿಯ ನೀರು, ಕಳೆ, ಸೌದೆ. ಅಪ್ಪನ ಕಾಲಿಗೆ ದಿನಕ್ಕೆ ಎಷ್ಟು ಮೈಲಿ ಬೀಳುತ್ತಿತ್ತೆಂದು ಅಳೆದವರಿಲ್ಲ. ವ್ಯಾಯಾಮವೆಂಬ ಶಬ್ದ ನಮ್ಮೂರಿನಲ್ಲಿ ಗರಡಿಮನೆಗೆ ಹೋಗುವ ನಾಲ್ಕು ಹುಡುಗರಿಗೆ ಮಾತ್ರ ಸಂಬಂಧಿಸಿದ್ದಾಗಿತ್ತು.

ಊರಿಗೆ ವಿದ್ಯುತ್ತು ಬಂದು ಹಿಟ್ಟಿನ ಗಿರಣಿ ಕೂತಾಗ ಅವ್ವನ ಮುಖದಲ್ಲಿ ಕಂಡ ನಗುವನ್ನು ನಾನು ಬೇರೆ ಯಾವ ಹಬ್ಬದಲ್ಲಿಯೂ ಕಾಣಲಿಲ್ಲ. ಆದುದರಿಂದ ಯಂತ್ರ ಬಂದು ಆರೋಗ್ಯ ಕೆಟ್ಟಿತೆಂಬ ವಾದವನ್ನು ನಾನು ಒಪ್ಪಲಾರೆ.

ಕೆಟ್ಟದ್ದು ಬೇರೆ ಕಡೆ. ನಾನು ಉಪಾಧ್ಯಾಯನಾದ ಮೊದಲ ವರ್ಷ, ಮುಖ್ಯೋಪಾಧ್ಯಾಯರು ಮನೆಗೆ ಬರುವವರಿದ್ದರು. "ಅವ್ವ, ಅವರ ಮುಂದೆ ಮುದ್ದೆ ತರಬೇಡ" ಎಂದೆ. ಅವ್ವ ಮಾತಾಡಲಿಲ್ಲ. ಅಂಗಡಿಯಿಂದ ಅಕ್ಕಿ ತರಿಸಿ ಅನ್ನ ಮಾಡಿದಳು. ಅಂದಿನಿಂದ ನನ್ನ ತಟ್ಟೆಗೆ ದಿನವೂ ಅನ್ನವೇ ಬಂತು. ಅವಳು ಮಾತ್ರ ಒಲೆಯ ಪಕ್ಕದಲ್ಲಿ, ನಮ್ಮೆಲ್ಲರ ಊಟ ಮುಗಿದ ಮೇಲೆ, ಗೋಡೆಗೆ ಮುಖಮಾಡಿ ಮುದ್ದೆ ಉಣ್ಣುತ್ತಿದ್ದಳು. 1979ರಲ್ಲಿ ಅವಳು ತೀರಿಕೊಂಡಳು. ಮುದ್ದೆಕೋಲು ಅಟ್ಟ ಸೇರಿತು.

ಇದು ನನ್ನೊಬ್ಬನ ಕಥೆಯಲ್ಲ ಎಂಬುದೇ ಚರಿತ್ರೆಯ ವಿದ್ಯಾರ್ಥಿಗೆ ಸಿಗುವ ಅರ್ಧ ಸಮಾಧಾನ. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಮಕ್ಕಳಿಗೆ ಕೇರ್ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ಧಾನ್ಯದ ಉಪ್ಪಿಟ್ಟು ಹಂಚುತ್ತಿದ್ದೆವು. ಸುತ್ತಲೂ ರಾಗಿಯ ಹೊಲ! 1965ರಲ್ಲಿ ಆರಂಭವಾದ ಆಹಾರ ನಿಗಮ ಮುಖ್ಯವಾಗಿ ಕೊಂಡದ್ದು ಅಕ್ಕಿ ಮತ್ತು ಗೋಧಿ. ನ್ಯಾಯಬೆಲೆ ಅಂಗಡಿಯಲ್ಲಿಯೂ ಅವೇ ಸಿಕ್ಕವು. ಅದೇ ಕಾಲದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಸೃಷ್ಟಿಸಿದರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ಕೃತಕ ಸಂಕರ ಅತಿ ಕಷ್ಟದ ಕೆಲಸ. ಎಕರೆಯ ಇಳುವರಿ ಏರಿತು. ಅವರ ಹೆಸರನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಒಮ್ಮೆಯೂ ಕಾಣಲಿಲ್ಲ, ನಾನೂ ತರಗತಿಯಲ್ಲಿ ಹೇಳಲಿಲ್ಲ. ರಾಗಿಯ ಇಳುವರಿ ಹೆಚ್ಚಿತು, ಉಣ್ಣುವವರ ಮನಸ್ಸು ಮಾತ್ರ ಅನ್ನದ ಕಡೆಗೇ ಇತ್ತು.

ಹೀಗಾಗಿ 2011ರಲ್ಲಿ ಮನೆಯಲ್ಲಿ ಮುದ್ದೆಗೆ ಮರಳಲು ಹೊರಟಾಗ ನಾವು ಎದುರಿಸಿದ್ದು ನಾಲಗೆಯ ರುಚಿಯನ್ನಷ್ಟೇ ಅಲ್ಲ, ಎಂಬತ್ತು ವರ್ಷಗಳ ಅಂತಸ್ತನ್ನು. ಮೊದಲು ನನಗೆ ಮಾತ್ರ ಬೇರೆ ಅಡುಗೆಯಾಯಿತು. ಎದುರಿಗೆ ಮಿಕ್ಕವರು ಪುಳಿಯೋಗರೆ ಉಣ್ಣುತ್ತಿರುವಾಗ ಒಬ್ಬನೇ ಪಥ್ಯ ಮಾಡುವುದು ಸಾಧ್ಯವಿಲ್ಲವೆಂದು ಹದಿನೈದೇ ದಿನಕ್ಕೆ ತಿಳಿಯಿತು. ಕೊನೆಗೆ ಸೊಸೆಯೇ, "ಮಾವ, ಎಲ್ಲರಿಗೂ ಒಂದೇ ಅಡುಗೆ ಮಾಡ್ತೀನಿ, ಯಾರೂ ಗೊಣಗಬಾರದು" ಎಂದಳು. ಅವಳು ಅನ್ನದ ಸೀಮೆಯವಳು. ಮುದ್ದೆ ತೊಳಸಲು ಬಾರದು. ಮೊದಲ ವಾರ ಗಂಟುಗಂಟಾದ ಹಿಟ್ಟನ್ನೇ ಉಂಡೆವು. ಮೊಮ್ಮಗಳು ಮುದ್ದೆಯನ್ನು ಅಗಿದು ಮುಖ ಕಿವಿಚಿದಳು. ಸಾರಿನಲ್ಲಿ ಅದ್ದಿ ನುಂಗುವುದನ್ನು ಕಲಿಸಲು ಒಂದು ತಿಂಗಳು ಹಿಡಿಯಿತು.

ರಾಗಿ ಔಷಧಿಯೆಂದು ನಾನು ನಂಬಿಬಿಟ್ಟಿದ್ದೆ, ವೈದ್ಯರು ತಿದ್ದಿದರು. ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 8. ನಾರಿನಂಶವೂ ರಾಗಿಯಲ್ಲಿ ಸುಮಾರು ನಾಲ್ಕು ಪಟ್ಟು. ಆದರೆ ಪಿಷ್ಟ ಎರಡರಲ್ಲಿಯೂ ಧಾರಾಳವಾಗಿದೆ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ನುಂಗಿ ಮಲಗಿದರೆ ಸಕ್ಕರೆ ಏರಿಯೇ ಏರುತ್ತದೆ. "ನಿಮ್ಮ ತಂದೆ ಎರಡು ಮುದ್ದೆ ಉಂಡು ನೇಗಿಲು ಹೂಡುತ್ತಿದ್ದರು. ನೀವು ಏನು ಹೂಡುತ್ತೀರಿ?" ಎಂದರು. ಮುದ್ದೆ ನಿಂಬೆಗಿಂತ ತುಸು ದೊಡ್ಡದಾಯಿತು, ಸೊಪ್ಪು ಕಾಳು ಹೆಚ್ಚಾದವು, ಊಟದ ನಂತರ ಇಡೀ ಸಂಸಾರ ಕೆರೆಯ ಏರಿಯ ಮೇಲೆ ನಡೆಯುವುದು ರೂಢಿಯಾಯಿತು. ಮಗನ ಅಂಕಿಗಳು ಎರಡು ವರ್ಷದಲ್ಲಿ ಗಡಿಯಿಂದ ಹಿಂದೆ ಸರಿದವು. ನನ್ನವು ಮಾತ್ರೆಯ ನೆರವಿನಿಂದ ಹಿಡಿತದಲ್ಲಿವೆ.

ಊರಿನಾಚೆಗೂ ಗಾಳಿ ತಿರುಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂಬ ಅಧ್ಯಯನ ಪ್ರಕಟವಾದದ್ದೂ ಅದೇ ವರ್ಷ. 2024ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲಾ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ಆರಂಭವಾಯಿತು. ಪತ್ರಿಕೆಯಲ್ಲಿ ಅದನ್ನೋದಿದಾಗ ನಮ್ಮ ಶಾಲೆಯ ಹಳದಿ ಉಪ್ಪಿಟ್ಟಿನ ವಾಸನೆ ಮೂಗಿಗೆ ಬಂದಂತಾಯಿತು.

ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಹಿತ್ತಿಲಲ್ಲಿ ಮಣ್ಣಿನಲ್ಲಿ ಅರ್ಧ ಹೂತಿದ್ದ ಅವ್ವನ ರಾಗಿಕಲ್ಲನ್ನು ಎತ್ತಿಸಿ ತೊಳೆಸಿದೆವು. ಈಗ ಕಾಲೇಜಿಗೆ ಹೋಗುವ ಮೊಮ್ಮಗಳು ಒಂದು ಕಡೆ, ನನ್ನ ಮನೆಯಾಕೆ ಇನ್ನೊಂದು ಕಡೆ ಕೂತರು. ಪಾವು ರಾಗಿ ಬೀಸುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಅಂಗೈ ತೋರಿಸಿ ಮೊಮ್ಮಗಳು, "ತಾತ, ಅವರು ದಿನಾ ಎಷ್ಟು ಬೀಸ್ತಿದ್ರು?" ಎಂದು ಕೇಳಿದಳು. ಮೂರು ಸೇರು ಎಂದೆ. ಅವಳು ನನ್ನ ಮುಖ ನೋಡಿದಳು. ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದುದನ್ನು ಅವಳಿಗೆ ನಾನು ಹೇಳಿದ್ದು ಅಂದೇ.