ಕಾಮ್ಟನು ಎಳೆದ ಗೆರೆ

1789ರ ಫ್ರೆಂಚ್ ಮಹಾಕ್ರಾಂತಿಯು ಅರಸೊತ್ತಿಗೆಯನ್ನೂ ಚರ್ಚಿನ ಅಧಿಕಾರವನ್ನೂ ಅಲುಗಾಡಿಸಿತು. ಅವುಗಳ ಸ್ಥಾನದಲ್ಲಿ ಜನರು ನಂಬಿ ನಡೆಯಬಹುದಾದ ಸ್ಥಿರ ವ್ಯವಸ್ಥೆಯೊಂದನ್ನು ನಿಲ್ಲಿಸಲು ಅದಕ್ಕೆ ಸಾಧ್ಯವಾಗಲಿಲ್ಲ. ಈ ಅಸ್ಥಿರತೆಯ ನಡುವೆ 1798ರಲ್ಲಿ ಮಾಂಟ್‌ಪೆಲಿಯೆ ನಗರದಲ್ಲಿ ಜನಿಸಿದ ಆಗಸ್ಟ್ ಕಾಮ್ಟನು, ಸಮಾಜದ ಪುನರ್ರಚನೆಗೆ ವಿಜ್ಞಾನವೇ ಆಧಾರವೆಂದು ಬಗೆದನು. 1830ರಿಂದ 1842ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ಅವನ ಉಪನ್ಯಾಸಮಾಲೆಯೇ ಪ್ರತ್ಯಕ್ಷವಾದದ, ಅಂದರೆ ಪಾಸಿಟಿವಿಸಂನ, ಮೂಲಗ್ರಂಥ. ಮಾನವನ ಬುದ್ಧಿಯು ಮೊದಲು ದೇವತೆಗಳಲ್ಲಿಯೂ ಬಳಿಕ ಅಮೂರ್ತ ತತ್ತ್ವಗಳಲ್ಲಿಯೂ ಕಾರಣವನ್ನು ಅರಸಿ, ಕಡೆಗೆ ಕಂಡ ಸಂಗತಿಗಳ ನಡುವಣ ನಿಯಮಗಳನ್ನಷ್ಟೇ ಅರಸುವ ಹಂತಕ್ಕೆ ಬರುತ್ತದೆಂಬುದು ಅವನ ಸಿದ್ಧಾಂತ. ಸಮಾಜವನ್ನೂ ಹೀಗೆಯೇ ಅಭ್ಯಸಿಸುವ ಶಾಸ್ತ್ರಕ್ಕೆ 'ಸೋಷಿಯಾಲಜಿ' ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ.

ಆದರೆ ಅರಿಯಬಹುದಾದುದರ ಎಲ್ಲೆ ಯಾವುದು? ಆಕಾಶಕಾಯಗಳ ದೂರ, ಗಾತ್ರ, ಚಲನೆಗಳನ್ನು ಅಳೆಯಬಹುದು, ಅವು ಯಾವ ದ್ರವ್ಯಗಳಿಂದಾದುವೆಂಬುದನ್ನು ಮಾತ್ರ ಎಂದಿಗೂ ಅರಿಯಲಾಗದು ಎಂದು 1835ರಲ್ಲಿ ಕಾಮ್ಟನು ಬರೆದನು. 1857ರಲ್ಲಿ ಅವನು ತೀರಿಕೊಂಡನು. ಎರಡೇ ವರ್ಷಗಳಲ್ಲಿ, ಹೈಡೆಲ್‌ಬರ್ಗ್ ನಗರದಲ್ಲಿ ಬುನ್ಸೆನ್‌ನೊಡನೆ ಸಂಶೋಧನೆ ನಡೆಸುತ್ತಿದ್ದ ಕಿರ್ಕಾಫ್, ಸೂರ್ಯನ ಬೆಳಕಿನ ರೋಹಿತದಲ್ಲಿರುವ ಕಪ್ಪುಗೆರೆಗಳಿಂದಲೇ ಅಲ್ಲಿ ಸೋಡಿಯಂ ಇರುವುದನ್ನು ತೋರಿಸಿದನು. ಅದೇ ಬೆಳಕು ಕಾಮ್ಟನ ಕಣ್ಣಿಗೂ ದಿನವೂ ಬೀಳುತ್ತಿತ್ತಲ್ಲವೇ! ಅವನ ವಿಧಾನದಲ್ಲಿ ದೋಷವಿರಲಿಲ್ಲ. 'ಎಂದಿಗೂ' ಎಂಬ ಮಾತಿಗೆ ಮಾತ್ರ ಯಾವ ಪ್ರತ್ಯಕ್ಷದ ಆಧಾರವೂ ಇರಲಿಲ್ಲ.

ವಿಧಾನವು ಫಲ ಕೊಟ್ಟಿತು. ಆತ್ಮಹತ್ಯೆಯಂತಹ ಏಕಾಂತದ ದುಃಖವೂ ಸಮಾಜದ ಬಂಧಗಳ ಬಲಾಬಲಕ್ಕನುಗುಣವಾಗಿ ಏರಿಳಿಯುತ್ತದೆಂದು 1897ರಲ್ಲಿ ಎಮಿಲ್ ಡರ್ಕ್‌ಹೈಮ್ ಅಂಕಿಸಂಖ್ಯೆಗಳಿಂದ ವಾದಿಸಿದನು. ಮತ್ತೊಂದು ಗೆರೆಯನ್ನು ಎಳೆದವರು 1920ರ ದಶಕದ ವಿಯೆನ್ನಾ ಪಂಡಿತರು. ತರ್ಕ, ಗಣಿತಗಳ ಮಾತು ಬಿಟ್ಟರೆ, ಅನುಭವದಿಂದ ಪರಿಶೀಲಿಸಲಾಗದ ವಾಕ್ಯಕ್ಕೆ ಅರ್ಥವೇ ಇಲ್ಲವೆಂದರು ಅವರು. ಅವರಲ್ಲೊಬ್ಬನಾದ ಕಾರ್ನಪ್ 1935ರಲ್ಲಿ, 'ಕೊಲ್ಲುವುದು ಕೆಟ್ಟದ್ದು' ಎಂಬುದು 'ಕೊಲ್ಲಬೇಡ' ಎಂಬ ಆಜ್ಞೆಯ ಮರೆಮಾಚಿದ ರೂಪವಷ್ಟೇ, ಅದು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ ಎಂದನು. ಅಹಿಂಸೆಯನ್ನು ಪರಮಧರ್ಮವೆಂದು ಬಗೆದವರು ಇದನ್ನು ನಕ್ಕು ತಳ್ಳಿಬಿಡುವಂತಿಲ್ಲ, ಉತ್ತರ ಹುಡುಕಲೇಬೇಕು. ಹಣ ಎಷ್ಟು ಬಂದಿತೆಂಬುದನ್ನು ಖಾತೆ ಪುಸ್ತಕವು ಹೇಳುತ್ತದೆ. ನ್ಯಾಯವಾಗಿ ಬಂದಿತೇ ಎಂಬುದನ್ನು ಹೇಳುವುದಿಲ್ಲ. ಅಷ್ಟರಿಂದ ಎರಡನೆಯ ಪ್ರಶ್ನೆ ಅರ್ಥಹೀನವಾಗುವುದೇ?

ಕಾಮ್ಟನಿಗಂತೂ ಬರಿಯ ನಿಯಮಗಳು ಸಾಲಲಿಲ್ಲ. ಕಡೆಗಾಲದಲ್ಲಿ ಅವನು 'ಮಾನವತೆಯ ಧರ್ಮ'ವೊಂದನ್ನು ಸ್ಥಾಪಿಸಿ, ಪ್ರೀತಿಯೇ ತತ್ತ್ವ, ಸುವ್ಯವಸ್ಥೆಯೇ ತಳಹದಿ, ಪ್ರಗತಿಯೇ ಗುರಿ ಎಂದು ಸಾರಿದನು. 1889ರಲ್ಲಿ ಗಣರಾಜ್ಯವಾದ ಬ್ರೆಜಿಲ್ ದೇಶವು ಅವನ ಅನುಯಾಯಿಗಳ ಪ್ರಭಾವದಿಂದ ಈ ಘೋಷವನ್ನು ತನ್ನ ಬಾವುಟಕ್ಕೆ ತೆಗೆದುಕೊಂಡಿತು. ಅಲ್ಲಿ ಇಂದಿಗೂ 'ಸುವ್ಯವಸ್ಥೆ ಮತ್ತು ಪ್ರಗತಿ' ಎಂದಿದೆ. ಪ್ರೀತಿ ಎಂಬ ಮೊದಲ ಪದವನ್ನು ಅವರು ಬಿಟ್ಟುಬಿಟ್ಟರು.