ಕತ್ತಲೆಯ ಐದು ನಿಮಿಷ ಮತ್ತು ಪ್ರಿನ್ಸಿಪೆ ದ್ವೀಪ

ಅಟ್ಲಾಸ್ ತೆರೆದು, ಆಫ್ರಿಕದ ಪಶ್ಚಿಮ ಕರಾವಳಿ ಒಳಕ್ಕೆ ಬಾಗಿರುವ ಕಡೆ ಬೆರಳಿಡಿ. ಅದು ಗಿನಿ ಕೊಲ್ಲಿ. ಸಮಭಾಜಕ ವೃತ್ತದ ಗುಂಟ ಹುಡುಕಿದರೆ ಎರಡು ಚುಕ್ಕೆಗಳು ಸಿಗುತ್ತವೆ. ದೊಡ್ಡದು ಸಾವೊ ಟೋಮೆ, ಅದರ ಈಶಾನ್ಯಕ್ಕಿರುವ ಚಿಕ್ಕದು ಪ್ರಿನ್ಸಿಪೆ. ಎರಡೂ ಸೇರಿ ಒಂದು ಸ್ವತಂತ್ರ ದೇಶ. ವಿಸ್ತೀರ್ಣ ಸುಮಾರು 1,000 ಚದರ ಕಿಲೋಮೀಟರ್. ಜನಸಂಖ್ಯೆ ಎರಡು ಲಕ್ಷಕ್ಕೆ ತುಸು ಹೆಚ್ಚು. ಪ್ರವಾಸಿಗಳು ಅಪರೂಪಕ್ಕೆ ಹೋಗುವ ನಾಡಿದು. ಆದರೂ ನಿಮ್ಮಲ್ಲಿ ಭೌತಶಾಸ್ತ್ರ ಓದುವವರು ಪ್ರಿನ್ಸಿಪೆಯ ಹೆಸರನ್ನು ಕೇಳಿರಬಹುದು.

1919ರ ಮೇ 29ರಂದು ಅಲ್ಲಿ ಸಂಪೂರ್ಣ ಸೂರ್ಯಗ್ರಹಣವಾಯಿತು. ಸೂರ್ಯನ ಪಕ್ಕದಲ್ಲಿ ಹಾದು ಬರುವ ನಕ್ಷತ್ರದ ಬೆಳಕು ಬಾಗುತ್ತದೆ, ಬಾಗುವುದು 1.75 ಸೆಕೆಂಡಿನಷ್ಟು ಕೋನ ಎಂದು ಐನ್‌ಸ್ಟೈನ್ ಲೆಕ್ಕ ಹಾಕಿದ್ದರು. (ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗವೇ ಈ ಸೆಕೆಂಡು.) ನ್ಯೂಟನ್ನನ ದಾರಿಯಲ್ಲಿ ಲೆಕ್ಕ ಹಾಕಿದರೆ ಬರುವುದು ಅದರ ಅರ್ಧ. ಯಾವುದು ನಿಜ? ಸೂರ್ಯನ ಬಳಿಯ ನಕ್ಷತ್ರಗಳು ಕಾಣುವುದು ಗ್ರಹಣದಲ್ಲಿ ಮಾತ್ರ. ಅಂದು ಸೂರ್ಯನಿದ್ದುದು ವೃಷಭ ರಾಶಿಯಲ್ಲಿ, ರೋಹಿಣಿಯ ಸುತ್ತಣ ನಕ್ಷತ್ರಗುಚ್ಛದ ಬಳಿ. ಇದಕ್ಕಿಂತ ಅನುಕೂಲವಾದ ಆಕಾಶ ಸಿಗುವುದು ಕಷ್ಟ.

ಇಂಗ್ಲೆಂಡಿನಿಂದ ಆರ್ಥರ್ ಎಡಿಂಗ್ಟನ್ ಮತ್ತು ಗಡಿಯಾರ ತಜ್ಞ ಎಡ್ವಿನ್ ಕಾಟಿಂಗ್‌ಹ್ಯಾಮ್ ಪ್ರಿನ್ಸಿಪೆಗೆ ಬಂದರು. ಇನ್ನೊಂದು ತಂಡ ಬ್ರೆಜಿಲ್‌ನ ಸೊಬ್ರಾಲ್‌ಗೆ ಹೋಯಿತು. ಗ್ರಹಣದ ದಿನ ಪ್ರಿನ್ಸಿಪೆಯಲ್ಲಿ ಬೆಳಗಿನಿಂದ ಮಳೆ. ಮೋಡಗಳ ನಡುವೆಯೇ, ಸುಮಾರು ಐದು ನಿಮಿಷದ ಕತ್ತಲೆಯಲ್ಲಿ, 16 ಫಲಕಗಳನ್ನು ತೆಗೆದರು. ಉಪಯೋಗಕ್ಕೆ ಬಂದವು ಎರಡೇ. ಅವು ಕೊಟ್ಟ ಉತ್ತರ 1.61. ಸೊಬ್ರಾಲ್‌ನ ಉತ್ತಮ ಫಲಕಗಳು 1.98 ಎಂದವು. ನವೆಂಬರ್ 6ರಂದು ಲಂಡನ್ನಿನಲ್ಲಿ ಫಲಿತಾಂಶ ಪ್ರಕಟವಾಯಿತು, ಐನ್‌ಸ್ಟೈನ್ ಜಗದ್ವಿಖ್ಯಾತರಾದರು.

ನಮ್ಮ ಪಠ್ಯಪುಸ್ತಕಗಳಲ್ಲಿ ಪ್ರಿನ್ಸಿಪೆಯ ಕಥೆ ಇಲ್ಲಿಗೆ ಮುಗಿಯುತ್ತದೆ. ದೂರದರ್ಶಕವನ್ನು ನಿಲ್ಲಿಸಿದ ನೆಲ ಯಾರದು ಎಂದು ಈಗ ಕೇಳೋಣ.

ಅದು ಸುಂಡಿ ಎಂಬ ಕೋಕೋ ಎಸ್ಟೇಟ್. ಪೋರ್ಚುಗೀಸರು 1470ರ ಸುಮಾರಿಗೆ ಬಂದಾಗ ಈ ದ್ವೀಪಗಳಲ್ಲಿ ಮನುಷ್ಯರೇ ಇರಲಿಲ್ಲ. ಕಬ್ಬು ಬೆಳೆಯಲು ಅವರು ಆಫ್ರಿಕದ ನೆಲದಿಂದ ಗುಲಾಮರನ್ನು ತಂದರು. 1595ರಲ್ಲಿ ಅಮಾದೋರ್ ಎಂಬ ಗುಲಾಮನ ಮುಂದಾಳತ್ವದಲ್ಲಿ ಸಾವೊ ಟೋಮೆಯಲ್ಲಿ ದೊಡ್ಡ ದಂಗೆಯೇ ಆಯಿತು. 19ನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ಕೋಕೋ ಬಂತು. ಪುತ್ತೂರಿನ ಕಡೆ ಅಡಿಕೆ ತೋಟಗಳ ನಡುವೆ ಕಾಂಡಕ್ಕೇ ಅಂಟಿದಂತೆ ಕಾಯಿ ಬಿಡುವ ಗಿಡ ಕಂಡಿದ್ದೀರಲ್ಲ, ಅದೇ. 20ನೆಯ ಶತಮಾನದ ಆರಂಭದಲ್ಲಿ ಈ ಪುಟ್ಟ ದ್ವೀಪಗಳು ಜಗತ್ತಿನ ಪ್ರಮುಖ ಕೋಕೋ ಉತ್ಪಾದಕರ ಸಾಲಿನಲ್ಲಿದ್ದವು.

ಆ ಹೊತ್ತಿಗೆ ಗುಲಾಮಗಿರಿ ಕಾನೂನಿನಲ್ಲಿ ರದ್ದಾಗಿತ್ತು. ಆದರೆ ಅಂಗೋಲದಿಂದ ಐದು ವರ್ಷದ ‘ಕರಾರಿನ’ ಮೇಲೆ ಆಳುಗಳು ಬರುತ್ತಲೇ ಇದ್ದರು. ಕರಾರು ತಾನಾಗಿ ಮುಂದುವರಿಯುತ್ತಿತ್ತು. ಊರಿಗೆ ಮರಳಿದವರು ಇಲ್ಲವೆನ್ನುವಷ್ಟು ಕಡಿಮೆ. ಪತ್ರಕರ್ತ ಹೆನ್ರಿ ನೆವಿನ್ಸನ್ ಇದನ್ನು ಕಣ್ಣಾರೆ ಕಂಡು 1906ರಲ್ಲಿ ಪುಸ್ತಕ ಬರೆದರು. ಈ ಕೋಕೋ ಕೊಳ್ಳುತ್ತಿದ್ದ ಕ್ಯಾಡ್‌ಬರಿ ಸಂಸ್ಥೆಗೆ ವಿಷಯ 1901ರಲ್ಲೇ ತಲುಪಿತ್ತು. ವಿಚಾರಣೆಗೆ ಜೋಸೆಫ್ ಬರ್ಟ್ ಎಂಬುವರನ್ನು ಕಳುಹಿಸಿತು, ವರದಿ ತರಿಸಿತು. ಖರೀದಿ ನಿಲ್ಲಿಸಿದ್ದು ಮಾತ್ರ 1909ರಲ್ಲಿ. ಈ ವಿಳಂಬವನ್ನು ಟೀಕಿಸಿದ ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಹೂಡಿ ಸಂಸ್ಥೆ ಗೆದ್ದಿತು. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ! ತೀರ್ಪುಗಾರರ ಮನಸ್ಸಿನಲ್ಲಿ ಏನಿತ್ತೆಂದು ನೀವೇ ಊಹಿಸಿ.

ಇನ್ನೊಂದು ಸಂಗತಿ. ಪ್ರಿನ್ಸಿಪೆಯಲ್ಲಿ ನಿದ್ರಾರೋಗ ಹಬ್ಬಿತ್ತು. ರೋಗ ಹರಡುವ ಸೆಟ್ಸೆ ನೊಣ ಕಪ್ಪು ಬಟ್ಟೆಗೆ ಆಕರ್ಷಿತವಾಗುತ್ತದೆ. ಆದ್ದರಿಂದ ಅಂಟು ಬಳಿದ ಕಪ್ಪು ಬಟ್ಟೆಯನ್ನು ಕೂಲಿಯಾಳುಗಳ ಬೆನ್ನಿಗೆ ಕಟ್ಟಿ ತೋಟದಲ್ಲಿ ದುಡಿಸಿದರು. 1914ರ ಹೊತ್ತಿಗೆ ರೋಗ ಅಳಿಯಿತು. ವಿಜ್ಞಾನದ ದೃಷ್ಟಿಯಿಂದ ಜಾಣ ಉಪಾಯವೇ. ಆದರೆ ಬಲೆಯಾದದ್ದು ಮನುಷ್ಯನ ಬೆನ್ನು.

ಇದಾದ ಐದೇ ವರ್ಷಕ್ಕೆ ಎಡಿಂಗ್ಟನ್ ಬಂದರು. ಅವರು ಕ್ವೇಕರ್ ಪಂಥದವರು, ಯುದ್ಧ ಒಪ್ಪದವರು. ಕ್ಯಾಡ್‌ಬರಿ ಮನೆತನವೂ ಅದೇ ಪಂಥದ್ದು. ಕ್ವೇಕರ್ ವರ್ತಕರು ಬಹಿಷ್ಕರಿಸಿದ್ದ ಕೋಕೋ ಬೆಳೆವ ದ್ವೀಪದಲ್ಲಿ ಕ್ವೇಕರ್ ವಿಜ್ಞಾನಿ ಎಸ್ಟೇಟ್ ಮಾಲೀಕನ ಅತಿಥಿಯಾದರು. ಸಾಮಾನು ಬಹುಮಟ್ಟಿಗೆ ತೋಟದ ಟ್ರಾಮಿನಲ್ಲಿ ಬಂತು. ನಡುವೆ ಸುಮಾರು ಒಂದು ಕಿಲೋಮೀಟರ್ ಕಾಡುದಾರಿಯಲ್ಲಿ ಸ್ಥಳೀಯ ಆಳುಗಳು ಹೊತ್ತು ತಂದರು. ಫಲಕಗಳ ಲೆಕ್ಕ ಕೊಡುವ ವೈಜ್ಞಾನಿಕ ವರದಿಯಲ್ಲಿ ಈ ಹೊರೆಯಾಳುಗಳಿಗೆ ಸಿಕ್ಕಿರುವುದು ಒಂದು ಸಾಲು. ಕಾರ್ಯಕ್ರಮ ತಯಾರಿಸುವವನಾಗಿ ಹೇಳುತ್ತೇನೆ, ಎಡಿಂಗ್ಟನ್ನರ ಚಿತ್ರ ಎಷ್ಟು ಬೇಕಾದರೂ ಸಿಗುತ್ತದೆ. ಆ ಕಾಡುದಾರಿಯ ಚಿತ್ರ ಎಲ್ಲಿಂದ ತರೋಣ?

ತೋಟದ ದುಡಿಮೆಯ ಜಗಳ ಅಲ್ಲಿಗೆ ನಿಲ್ಲಲಿಲ್ಲ. ತಮ್ಮನ್ನೂ ಬಲವಂತದ ಕೂಲಿಗೆ ಎಳೆಯುತ್ತಾರೆಂಬ ಭಯದಿಂದ ಸಾವೊ ಟೋಮೆಯ ಸ್ವತಂತ್ರ ನಿವಾಸಿಗಳು ಪ್ರತಿಭಟಿಸಿದಾಗ, 1953ರ ಫೆಬ್ರವರಿಯಲ್ಲಿ ಬಟೆಪಾ ಹತ್ಯಾಕಾಂಡ ನಡೆಯಿತು. ಫೆಬ್ರವರಿ 3 ಅಲ್ಲಿ ಹುತಾತ್ಮರ ದಿನ. 1975ರ ಜುಲೈ 12ರಂದು ದೇಶ ಸ್ವತಂತ್ರವಾಯಿತು. ಎಸ್ಟೇಟುಗಳು ಸರ್ಕಾರದ ಕೈಗೆ ಬಂದವು.

ನೀವು ಎಂದಾದರೂ ಹೋಗುವುದಾದರೆ, ಸಾವೊ ಟೋಮೆಯಿಂದ ಪ್ರಿನ್ಸಿಪೆಗೆ ಸಣ್ಣ ವಿಮಾನಗಳಿವೆ. ಸುಂಡಿಯ ಮಾಲೀಕರ ಬಂಗಲೆ ಈಗ ಹೋಟೆಲ್. ಗ್ರಹಣದ ನೆನಪಿನ ಫಲಕವೂ ಅಲ್ಲಿದೆ. ಅದನ್ನು ಓದಿ, ಕೂಲಿಗಳ ಸಾಲುಮನೆಗಳಿದ್ದ ಕಡೆಗೂ ನಡೆದು ಬನ್ನಿ.