ಹಣದ ಹೊಸ ದಾರಿ: 1989ರ ನಂತರದ ಜೆಕ್ ವಿಜ್ಞಾನ ಮತ್ತು ಆರೋಗ್ಯ ವ್ಯವಸ್ಥೆ

ಪೂರ್ವ ಯುರೋಪಿನ ಕಮ್ಯುನಿಸ್ಟ್ ಆಡಳಿತಗಳು 1989ರಲ್ಲಿ ಉರುಳಿದ ಮೇಲೆ ಅಲ್ಲಿನ ವಿಜ್ಞಾನಕ್ಕೆ ಏನಾಯಿತು? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ಮಾರುಕಟ್ಟೆ ಬಂದು ಪ್ರತಿಭೆಗೆ ಬಿಡುಗಡೆ ಸಿಕ್ಕಿತು ಎನ್ನುವುದು ಒಂದು. ಅನುದಾನ ಬತ್ತಿ ಪ್ರಯೋಗಾಲಯಗಳು ಸೊರಗಿದವು ಎನ್ನುವುದು ಇನ್ನೊಂದು. ಜೆಕ್ ಗಣರಾಜ್ಯದ ಅನುಭವ ಎರಡಕ್ಕೂ ಪೂರ್ತಿಯಾಗಿ ಒಗ್ಗುವುದಿಲ್ಲ. ಸಂಶೋಧನೆಯಿಂದ ಬರುವ ಹಣ, ಚಿಕಿತ್ಸೆಗೆ ಹೋಗುವ ಹಣ ಇವು ಯಾರ ಕೈಯಿಂದ ಯಾರ ಕೈಗೆ ದಾಟುತ್ತವೆ ಎಂಬುದೇ ಅಲ್ಲಿ ಮುಖ್ಯವಾಗಿ ಬದಲಾಯಿತು ಎಂಬುದು ಈ ಲೇಖನದ ವಾದ.

1. ಹಳೆಯ ಲೆಕ್ಕ

1961ರ ಕ್ರಿಸ್‌ಮಸ್ ಸಮಯದಲ್ಲಿ ಜೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ ಮಕ್ಕಳ ‘ಮೆರ್ಕುರ್’ ಆಟಿಕೆಯ ಲೋಹದ ತುಂಡುಗಳಿಗೆ ಸೈಕಲ್ ಡೈನಮೊ ಜೋಡಿಸಿ, ಮನೆಯಲ್ಲೇ ಒಂದು ಯಂತ್ರ ಕಟ್ಟಿದರು. ತಿರುಗುವ ಅಚ್ಚಿನಲ್ಲಿ, ನೀರು ಹೀರುವ ಜೆಲ್‌ನಿಂದ ಮೃದು ಕಾಂಟ್ಯಾಕ್ಟ್ ಲೆನ್ಸ್ ತಯಾರಾಯಿತು. ವಿದೇಶಿ ವ್ಯಾಪಾರವೆಲ್ಲ ಸರ್ಕಾರದ ಹಿಡಿತದಲ್ಲಿದ್ದುದರಿಂದ 1965ರಲ್ಲಿ ಹಕ್ಕುಗಳು ಸರ್ಕಾರಿ ವ್ಯವಸ್ಥೆಯ ಮೂಲಕವೇ ಅಮೆರಿಕದ ಒಂದು ಕಂಪನಿಗೆ ಹೋದವು. ಆ ಕಂಪನಿಯಿಂದ ಹಕ್ಕು ಪಡೆದ ಬಾಷ್ ಅಂಡ್ ಲೋಂಬ್ 1971ರಲ್ಲಿ ಆ ಲೆನ್ಸನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಲಾಭದ ದೊಡ್ಡ ಪಾಲು ಅಲ್ಲಿಯೇ ಉಳಿಯಿತು. ಇತ್ತ, ಕಮ್ಯುನಿಸ್ಟ್ ಆಡಳಿತವನ್ನು ಸಡಿಲಿಸಲು ಹೊರಟ 1968ರ ಸುಧಾರಣೆಗಳನ್ನು ಬೆಂಬಲಿಸಿದ್ದ ವಿಖ್ಟರ್ಲೆ, ಅವು ಹತ್ತಿಕ್ಕಲ್ಪಟ್ಟ ಬಳಿಕ ತಾವೇ ಕಟ್ಟಿದ ಸಂಸ್ಥೆಯ ನಿರ್ದೇಶಕ ಸ್ಥಾನ ಕಳೆದುಕೊಂಡರು.

2. ಟೆನೊಫೊವಿರ್

ಪ್ರಾಗ್‌ನ ಸಾವಯವ ರಸಾಯನ ಮತ್ತು ಜೀವರಸಾಯನ ಸಂಸ್ಥೆಯ ಆಂತೊನಿನ್ ಹೊಲಿ (1936–2012) 1976ರಿಂದ ಬೆಲ್ಜಿಯಂನ ಎರಿಕ್ ಡಿ ಕ್ಲರ್ಕ್ ಅವರೊಡನೆ ದುಡಿದರು. ಹೊಲಿ ಸಂಯುಕ್ತಗಳನ್ನು ಸಿದ್ಧಪಡಿಸುತ್ತಿದ್ದರು. ಡಿ ಕ್ಲರ್ಕ್ ಅವನ್ನು ವೈರಸ್‌ಗಳ ಮೇಲೆ ಪರೀಕ್ಷಿಸುತ್ತಿದ್ದರು. ಈ ಅಣುಗಳಲ್ಲಿ ರಂಜಕವು ಆಮ್ಲಜನಕದ ಬದಲು ನೇರವಾಗಿ ಇಂಗಾಲಕ್ಕೆ ಅಂಟಿಕೊಂಡಿದೆ. ಆದ್ದರಿಂದ ಜೀವಕೋಶದ ಕಿಣ್ವಗಳಿಗೆ ಆ ಬಂಧವನ್ನು ಸುಲಭವಾಗಿ ಕಡಿಯಲಾಗುವುದಿಲ್ಲ. ಜೊತೆಗೆ, ಔಷಧಿ ಸಕ್ರಿಯವಾಗಲು ಬೇಕಾದ ಮೊದಲ ಹಂತವೂ ಅದರಲ್ಲೇ ಮುಗಿದಿರುತ್ತದೆ. ಮೂಲ ರಸಾಯನವೆಲ್ಲ ಹಳೆಯ ಆಡಳಿತದ ಕಾಲದ್ದೇ ಎಂಬುದು ಇಲ್ಲಿ ಗಮನಾರ್ಹ.

ಆದರೆ ಈ ಅಣುಗಳಲ್ಲಿ ಒಂದಾದ ಟೆನೊಫೊವಿರ್ ಅನ್ನು ಬಾಯಿಯ ಮೂಲಕ ಕೊಟ್ಟರೆ ಕರುಳು ಹೀರಿಕೊಳ್ಳುತ್ತಿರಲಿಲ್ಲ. ಅದನ್ನು ಮಾತ್ರೆಯ ರೂಪಕ್ಕೆ ಇಳಿಸಿ, ರೋಗಿಗಳ ಮೇಲಿನ ಪ್ರಯೋಗಗಳನ್ನು ನಡೆಸಿದ್ದು ಕ್ಯಾಲಿಫೋರ್ನಿಯಾದ ಗಿಲಿಯಡ್ ಕಂಪನಿ. 2001ರಲ್ಲಿ ಎಚ್‌ಐವಿ ಚಿಕಿತ್ಸೆಗೆ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈ ಬಾರಿ ರಾಯಧನ ಪ್ರಾಗ್‌ನ ಸಂಸ್ಥೆಗೇ ಬಂತು. ಅದರಿಂದ ಕಟ್ಟಡಗಳ ನವೀಕರಣವಾಯಿತು, ಹೊಸ ಸಂಶೋಧನಾ ತಂಡಗಳು ನೆಲೆಗೊಂಡವು. 2009ರಲ್ಲಿ ತಂತ್ರಜ್ಞಾನ ವರ್ಗಾವಣೆಗೆಂದೇ ಒಂದು ಅಂಗಸಂಸ್ಥೆ ಹುಟ್ಟಿತು.

ಈ ಸಮೃದ್ಧಿ ಎಲ್ಲರ ಪಾಲಿಗೆ ಬರಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ದೇಶದ ವಿಜ್ಞಾನ ಅಕಾಡೆಮಿಯ ಸಿಬ್ಬಂದಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹಲವು ಸಂಸ್ಥೆಗಳು ಮುಚ್ಚಿದ್ದವು. 2009ರಲ್ಲಿ ಸರ್ಕಾರ ಮತ್ತೆ ಅನುದಾನಕ್ಕೆ ಕತ್ತರಿ ಹಾಕಲು ಹೊರಟಾಗ ವಿಜ್ಞಾನಿಗಳು ಬೀದಿಗಿಳಿದರು.

ಭಾರತದಲ್ಲಿ ಈ ಔಷಧಿಯ ಕಥೆ ಬೇರೆಯೇ ತಿರುವು ಪಡೆಯಿತು. 2006ರಲ್ಲಿ ಗಿಲಿಯಡ್‌ನಿಂದ ತಯಾರಿಕಾ ಪರವಾನಗಿ ಪಡೆದ ಭಾರತೀಯ ಕಂಪನಿಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. ರೋಗಿ ಸಂಘಟನೆಗಳು ಮತ್ತು ಸಿಪ್ಲಾ ಕಂಪನಿಯ ಆಕ್ಷೇಪದ ನಂತರ 2009ರಲ್ಲಿ ನಮ್ಮ ಪೇಟೆಂಟ್ ಕಚೇರಿ ಮಾತ್ರೆಯ ರೂಪಕ್ಕೆ ಪೇಟೆಂಟ್ ನಿರಾಕರಿಸಿತು. ಪ್ರಾಗ್‌ನ ಸಂಸ್ಥೆಯನ್ನು ಬೆಳೆಸಿದ್ದು ಪೇಟೆಂಟ್. ಬಡದೇಶಗಳ ರೋಗಿಗೆ ಔಷಧಿ ಕೈಗೆಟುಕುವಂತೆ ಮಾಡಿದ್ದು ಅದರ ಮಿತಿ.

3. ತೆರಿಗೆಯಿಂದ ವಿಮೆಗೆ

ಆರೋಗ್ಯ ಕ್ಷೇತ್ರದಲ್ಲಿಯೂ ಹಣದ ದಾರಿಯೇ ಮೊದಲು ಬದಲಾಯಿತು. ಸರ್ಕಾರಿ ಖಜಾನೆಯಿಂದ ನಡೆಯುತ್ತಿದ್ದ ಸೋವಿಯತ್ ಮಾದರಿಯ ವ್ಯವಸ್ಥೆಯ ಜಾಗಕ್ಕೆ 1992–93ರಲ್ಲಿ ಕಡ್ಡಾಯ ಆರೋಗ್ಯ ವಿಮೆ ಬಂತು. ದುಡಿಯುವವರ ಸಂಬಳದ ಶೇ. 13.5ರಷ್ಟು ಮೊತ್ತ ವಿಮಾ ನಿಧಿಗೆ ಹೋಗುತ್ತದೆ: ಮಾಲೀಕರಿಂದ ಶೇ. 9, ನೌಕರರಿಂದ ಶೇ. 4.5. ಮಕ್ಕಳು, ಪಿಂಚಣಿದಾರರ ಪಾಲನ್ನು ಸರ್ಕಾರ ಕಟ್ಟುತ್ತದೆ. ಸ್ಪರ್ಧೆ ವೆಚ್ಚವನ್ನು ಇಳಿಸುತ್ತದೆ ಎಂಬ ನಂಬಿಕೆಯಲ್ಲಿ ಹುಟ್ಟಿಕೊಂಡ ನಿಧಿಗಳು ಇಪ್ಪತ್ತೈದನ್ನೂ ಮೀರಿದವು. ವೈದ್ಯರು ಮಾಡಿದ ಪ್ರತಿ ಕೆಲಸಕ್ಕೂ ಅಂಕ, ಅಂಕಕ್ಕೆ ತಕ್ಕ ಹಣ ಎಂಬ ಪದ್ಧತಿಯಿಂದ ಬಿಲ್ಲುಗಳು ಉಬ್ಬಿದವು. ಹಲವು ನಿಧಿಗಳು ದಿವಾಳಿಯೆದ್ದವು. ಈಗ ಉಳಿದಿರುವುದು 7. 2008ರಲ್ಲಿ ವೈದ್ಯರ ಭೇಟಿಗೆ ವಿಧಿಸಿದ 30 ಕೊರುನಾ ಶುಲ್ಕ ಚುನಾವಣಾ ವಿಷಯವಾಗಿ, 2015ರ ಹೊತ್ತಿಗೆ ರದ್ದಾಯಿತು.

ಇಷ್ಟೆಲ್ಲ ಏರುಪೇರಿನ ನಡುವೆಯೂ ಜನರ ಆಯಸ್ಸು ಬೆಳೆಯಿತು. 1990ರಲ್ಲಿ ಪುರುಷರ ನಿರೀಕ್ಷಿತ ಆಯಸ್ಸು ಸುಮಾರು 67.6 ವರ್ಷ, 2019ರಲ್ಲಿ ಸುಮಾರು 76.3. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಾಗುವ ಸಾವು ತಗ್ಗಿದ್ದು ಇದಕ್ಕೆ ದೊಡ್ಡ ಕಾರಣ. ಹೊಸ ಔಷಧಿ, ಉಪಕರಣಗಳ ಜೊತೆಗೆ ಆಹಾರದ ಬೆಲೆ ಮತ್ತು ಅಭ್ಯಾಸಗಳ ಬದಲಾವಣೆಗೂ ಇದರಲ್ಲಿ ಪಾಲಿದೆ. ಆದ್ದರಿಂದ ಇದರ ಪೂರ್ತಿ ಶ್ರೇಯವನ್ನು ವಿಮಾ ಸುಧಾರಣೆಗೆ ಕೊಡಲಾಗದು.

4. ಉಪಸಂಹಾರ

ಟೆನೊಫೊವಿರ್ ರಾಯಧನವನ್ನು ಮಾರುಕಟ್ಟೆ ವ್ಯವಸ್ಥೆಯ ಗೆಲುವು ಎಂದಷ್ಟೇ ಓದಿದರೆ, ಅದರ ಹಿಂದಿನ ದಶಕಗಳ ಸರ್ಕಾರಿ ವೆಚ್ಚ ಮರೆಯಾಗುತ್ತದೆ. ಸಮಾಜವಾದದ ಸಾಧನೆ ಎಂದಷ್ಟೇ ಓದಿದರೆ, ಲೆನ್ಸಿನ ಹಕ್ಕುಗಳಿಗೆ ಆದ ಗತಿ ಮರೆಯಾಗುತ್ತದೆ. ಒಂದು ಕಾಲ ಬಿತ್ತಿದ್ದನ್ನು ಇನ್ನೊಂದು ಕಾಲ ಕೊಯ್ದಿತು. ಮಾತ್ರೆಯ ಪೇಟೆಂಟ್ ಯುರೋಪು, ಅಮೆರಿಕಗಳಲ್ಲಿ 2017ರ ಸುಮಾರಿಗೆ ಮುಗಿದಿದೆ. ಆದ್ದರಿಂದ 1989ರ ನಂತರದ ವಿಜ್ಞಾನ ನೀತಿಯನ್ನು ಅಳೆಯಬೇಕಾದದ್ದು ಆ ರಾಯಧನದ ಮೊತ್ತದಿಂದಲ್ಲ, ಆ ಹಣದಲ್ಲಿ ಕಟ್ಟಿದ ಪ್ರಯೋಗಾಲಯಗಳು ಕೊಡುವ ಹೊಸ ಅಣುಗಳಿಂದ.